ದೊಡ್ಡಮ್ಮನಿಗೆ ಹೇಳಿದ ಮಾತು

ಚರ್ಚಿನ ಪಕ್ಕದ ಆ ಶಾಲೆಯಲ್ಲಿ ಗಣಿತದವರಿಗೂ ವಿಜ್ಞಾನದವರಿಗೂ ಇಲ್ಲದ ಮರ್ಯಾದೆ ನೀತಿ ಟೀಚರಿಗಿತ್ತು. ನೀತಿಪಾಠಕ್ಕೆ ಅಂಕವಿಲ್ಲ, ಪರೀಕ್ಷೆಯಿಲ್ಲ. ಬೇರೆ ಕಡೆಯಾದರೆ ಆ ಪೀರಿಯಡ್ಡಿನಲ್ಲಿ ಮಕ್ಕಳು ಆಕಳಿಸುತ್ತ ಕೂರುತ್ತವೆ. ಇವಳ ತರಗತಿಯ ಪದ್ಧತಿಯೇ ಬೇರೆ. ತಪ್ಪು ಮಾಡಿದ ಮಗು ತಾನಾಗಿ ಎದ್ದು ನಿಂತು ಮಾಡಿದ್ದನ್ನು ಹೇಳಬೇಕು. ಆಮೇಲೆ ಎಲ್ಲರೂ ಒಟ್ಟಿಗೆ "ಕ್ಷಮಿಸಿದ್ದೀವಿ" ಎನ್ನಬೇಕು. ಅಲ್ಲಿಗೆ ಮುಗಿಯಿತು, ಮತ್ತೆ ಅದನ್ನು ಎತ್ತಿ ಆಡಿದವರ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. ಪೆನ್ಸಿಲ್ ಕದ್ದವಳಿಂದ ಹಿಡಿದು ಕಿಟಕಿ ಗಾಜು ಒಡೆದ ತರಲೆಯವರೆಗೆ ಎಲ್ಲರೂ ಹಾಗೆ ಎದ್ದು, ಹೇಳಿ, ಹಗುರಾಗಿ ಕೂತವರೇ. ದೇವರ ಕರುಣೆಯನ್ನು ಮಕ್ಕಳಿಗೆ ಬಾಯಲ್ಲಿ ಹೇಳಿದರೆ ಸಾಲದು, ರುಚಿ ತೋರಿಸಬೇಕು ಎಂಬುದು ಅವಳ ಹಟ.

ಮದುವೆಯ ಗೊಡವೆಗೆ ಹೋಗದ ಅವಳಿಗೆ ತೀರಿಕೊಂಡ ತಂಗಿಯ ಮಗಳೇ ಮಗಳು. ಎರಡು ಕೋಣೆಯ ಮನೆಯಲ್ಲಿ ದೊಡ್ಡಮ್ಮನ ಸೆರಗು ಹಿಡಿದು ಬೆಳೆದ ಹುಡುಗಿ ಹತ್ತನೆಯ ತರಗತಿಗೆ ಬಂದಳು. ನರ್ಸ್ ಆಗಬೇಕೆಂದು ಅವಳಿಗೆ ಬಲು ಆಸೆ. ಆದರೆ ವಿಜ್ಞಾನವೊಂದು ಏನು ಮಾಡಿದರೂ ತಲೆಗೆ ಹತ್ತುತ್ತಿರಲಿಲ್ಲ.

ಪಬ್ಲಿಕ್ ಪರೀಕ್ಷೆಯಲ್ಲಿ ವಿಜ್ಞಾನ ಮುಗಿಸಿ ಬಂದವಳೇ ಬಟ್ಟೆ ಮಡಚುತ್ತಿದ್ದ ದೊಡ್ಡಮ್ಮನ ಮಡಿಲಿಗೆ ಬಿದ್ದು ಬಿಕ್ಕಿದಳು.

"ದೊಡ್ಡಮ್ಮಾ, ಚೀಟಿ ಇಟ್ಕೊಂಡು ಹೋಗಿದ್ದೆ. ಒಂದು ಉತ್ತರ ನೋಡಿ ಬರೆದುಬಿಟ್ಟೆ. ಯಾರೂ ನೋಡ್ಲಿಲ್ಲ, ಆದ್ರೆ ಮನಸ್ಸು ತಡೀತಿಲ್ಲ."

ನಿಜ ಹೇಳಬೇಕೆಂದರೆ ಟೀಚರಿಗೆ ದುಃಖಕ್ಕಿಂತ ಹೆಮ್ಮೆಯೇ ಉಕ್ಕಿತು. ತನ್ನ ಪಾಠ ಫಲ ಕೊಟ್ಟಿತಲ್ಲ!

"ಅಳಬೇಡ ಕಂದಾ. ನಾಳೆ ಫಾದರ್ ಹತ್ರ ಹೋಗಿ ಹೇಳೋಣ."

"ಅವ್ರಿಗ್ಯಾಕೆ?"

"ನಿಜ ಹೇಳಿದ ಮಗೂಗೆ ನಮ್ಮ ಸ್ಕೂಲಲ್ಲಿ ಯಾರಾದ್ರೂ ಶಿಕ್ಷೆ ಕೊಟ್ಟಿದ್ದು ನೋಡಿದ್ದೀಯಾ?"

ನೋಡಿರಲಿಲ್ಲ. ಹುಡುಗಿ ನಂಬಿದಳು.

ಮುಖ್ಯೋಪಾಧ್ಯಾಯರಾದ ಫಾದರ್ ಎದುರು ಮರುದಿನ ಪರೀಕ್ಷಾ ಅಧಿಕಾರಿಯೂ ಕೂತಿದ್ದರು. ಅವರು ಎದ್ದು ಹೋಗಲಿ ಎಂದು ಕಾಯುವಷ್ಟು ಬುದ್ಧಿಯೂ ಟೀಚರಿಗೆ ಓಡಲಿಲ್ಲ. ಮುಚ್ಚುಮರೆ ಯಾಕೆ ಎಂದುಕೊಂಡಳು. "ಹೇಳು ಮಗಳೇ" ಎಂದು ಬೆನ್ನು ಸವರಿದಳು. ಹುಡುಗಿ ಹೇಳಿದಳು.

ಫಾದರ್ ಕನ್ನಡಕ ತೆಗೆದರು. "ನನ್ನೊಬ್ಬನಿಗೇ ಹೇಳಿದ್ರೆ ಬೇರೆ ಮಾತು, ಟೀಚರ್. ಇವರು ಕೇಳಿಸ್ಕೊಂಡಾಯ್ತಲ್ಲ."

ಅಧಿಕಾರಿ ಕೆಟ್ಟವರೇನಲ್ಲ. ಆದರೂ ವರದಿ ಬರೆದರು. ಬರೆದ ಪರೀಕ್ಷೆಗಳೆಲ್ಲ ರದ್ದು, ಮೂರು ವರ್ಷ ಮತ್ತೆ ಕೂರುವಂತಿಲ್ಲ. ಟೀಚರ್ ಕಚೇರಿಯಿಂದ ಕಚೇರಿಗೆ ಅಲೆದಳು, ಮರ್ಯಾದೆ ಬಿಟ್ಟು ಕಂಡಕಂಡವರ ಕಾಲು ಹಿಡಿದಳು. ಹಾಳಾದ ನಿಯಮ ಕದಲಲಿಲ್ಲ.

ಹುಡುಗಿ ಕೂಗಾಡಲಿಲ್ಲ, ದೂರಲಿಲ್ಲ. ಒಂದೇ ಒಂದು ಸಲ ಕೇಳಿದ್ದು ಇಷ್ಟು:

"ನಾನು ನಿಂಗೆ ಹೇಳಿದ್ದು ದೊಡ್ಡಮ್ಮಾ. ಸ್ಕೂಲಿಗೆ ಯಾಕೆ ಹೇಳಿಸ್ದೆ?"

ಆ ಮಾತು ಎದೆಗೆ ನಾಟಿತು. ಆ ಹೊತ್ತು ಮಗುವಿಗೆ ಬೇಕಿದ್ದದ್ದು ತಬ್ಬಿಕೊಳ್ಳುವ ದೊಡ್ಡಮ್ಮ. ಎದ್ದು ಬಂದದ್ದು ಟೀಚರ್. ಅದನ್ನು ನೆನೆದಾಗಲೆಲ್ಲ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ತರಗತಿಯಲ್ಲಿ ಎದ್ದು ನಿಲ್ಲುವ ಪದ್ಧತಿ ನಿಂತುಹೋಯಿತು. "ಯಾಕೆ ಟೀಚರ್?" ಎಂದು ಮಕ್ಕಳು ಕೇಳಿದರೆ, "ಪುಸ್ತಕ ತೆಗೀರಿ" ಎನ್ನುತ್ತಿದ್ದಳು.

ಹುಡುಗಿ ಚಪ್ಪಲಿ ಅಂಗಡಿಗೆ ಕೆಲಸಕ್ಕೆ ಸೇರಿದಳು. ದಿನದಿನಕ್ಕೂ ಸೊರಗಿದಳು. ಒಂದು ಸಂಜೆ ಬಂದವಳನ್ನು ಟೀಚರ್ ಕೇಳಿದಳು.

"ಮಧ್ಯಾಹ್ನ ಊಟ ಮಾಡಿದ್ಯಾ ಕಂದಾ?"

"ಮಾಡ್ದೆ."

"ಅಂಗಡೀಲಿ ಎಲ್ಲಾ ಚೆನ್ನಾಗಿ ನೋಡ್ಕೋತಾರಾ?"

"ಹೂಂ, ಚೆನ್ನಾಗಿ ನೋಡ್ಕೋತಾರೆ."

ತೊಳೆಯಲೆಂದು ಚೀಲದಿಂದ ತೆಗೆದ ಡಬ್ಬಿ ಬೆಳಗ್ಗೆ ಕಟ್ಟಿಕೊಟ್ಟಾಗಿನಷ್ಟೇ ಭಾರವಿತ್ತು. ಹುಟ್ಟಿದಾಗಿನಿಂದ ದೊಡ್ಡಮ್ಮನಿಗೆ ಒಂದೂ ಸುಳ್ಳು ಹೇಳದ ಹುಡುಗಿ ಅವಳು.

"ಒಳ್ಳೇದಾಯ್ತು ಬಿಡು," ಎಂದಳು ಟೀಚರ್. ಅಡುಗೆಮನೆಯ ಕದ ಮುಂದೆ ಮಾಡಿಕೊಂಡು, ಆ ತಣ್ಣನೆಯ ಊಟವನ್ನು ಅಳುತ್ತ ತಾನೇ ಉಂಡಳು.