ಸೈಫುದ್ದೀನ್ ಸಾಬರು ಮೊದಲು ಕೇಳುತ್ತಿದ್ದ ಮಾತು

ಬಸವಕಲ್ಯಾಣದಲ್ಲಿ ಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ ಸೈಫುದ್ದೀನ್ ಸಾಬರ ರೇಡಿಯೊ ರಿಪೇರಿ ಅಂಗಡಿ ಇತ್ತು. ತೊಂಬತ್ತರ ದಶಕದಲ್ಲಿ ನಮ್ಮಪ್ಪ ನಮ್ಮೂರು ಕೊಹಿನೂರಿನಿಂದ ವರ್ಷಕ್ಕೆ ಒಂದೆರಡು ಸಲವಾದರೂ ಮನೆಯ ರೇಡಿಯೊವನ್ನು ಟವೆಲಿನಲ್ಲಿ ಸುತ್ತಿ ಅಲ್ಲಿಗೆ ಒಯ್ಯುತ್ತಿದ್ದ. ನಾನು ಕಾಲೇಜು ಸೇರಿದ ಮೇಲೆ ಆ ಕೆಲಸ ನನಗೆ ಬಂತು. ಸಾಬರು ರೇಡಿಯೊವನ್ನು ಮುಂದೆ ಇಟ್ಟುಕೊಂಡು ಕೂರುತ್ತಿದ್ದರು, ಆದರೆ ಸ್ಕ್ರೂಡ್ರೈವರ್ ಮುಟ್ಟುತ್ತಿರಲಿಲ್ಲ. ಮೊದಲು ಒಂದು ಮಾತು ಕೇಳಬೇಕು.

“ಇದು ಬಂದ್ ಬಿದ್ದ ದಿನ ಮನ್ಯಾಗ ಏನ್ ನಡದಿತ್ತು?”

ಬೀಗರು ಬಂದಿದ್ದರು, ಎಮ್ಮೆ ಈದಿತ್ತು, ಗೋಡೆಗೆ ಸುಣ್ಣ ಹಚ್ಚಿದ್ದೆವು ಎಂದು ನಾವು ಹೇಳುತ್ತ ಹೋಗಬೇಕು. ಸುಣ್ಣ ಎಂದ ಕೂಡಲೇ ಅವರ ಕೈ ಸ್ವಿಚ್ಚಿನ ಹತ್ತಿರ ಹೋಗುತ್ತಿತ್ತು. ಬಿಚ್ಚಿ ನೋಡಿದರೆ ಒಳಗೆ ಒಣಗಿದ ಸುಣ್ಣದ ಹನಿ. “ಮಷೀನು ತಾನಾಗೇ ಕೆಡೂದು ಕಮ್ಮಿ. ಮನಿ ಸುದ್ದಿ ಅದರ ಹೊಟ್ಯಾಗ ಹೋಗಿರ್ತದ” ಎನ್ನುತ್ತಿದ್ದರು.

ಮುಂದೆ ನಾನು ಬಿ.ಎಡ್. ಮುಗಿಸಿ ಹುಮನಾಬಾದಿನ ಒಂದು ಹೈಸ್ಕೂಲಿನಲ್ಲಿ ಮಾಸ್ತರನಾದೆ. ಅಷ್ಟರಲ್ಲಿ ರೇಡಿಯೊ ರಿಪೇರಿ ಮಾಡಿಸುವವರೇ ಇಲ್ಲದಂತಾಯಿತು. ಸಾಬರು ಅಂಗಡಿ ಮುಚ್ಚಿ, ಹುಮನಾಬಾದಿನಲ್ಲಿದ್ದ ಮಗಳು ಶಹಜಾದಿಯ ಮನೆಗೆ ಬಂದರು. ಐವತ್ತೆರಡು ವಯಸ್ಸು. ಮೊಮ್ಮಕ್ಕಳನ್ನು ಆಡಿಸುತ್ತ ಕೂರುವ ಮನುಷ್ಯ ಅಲ್ಲ. ಕಾಲೇಜು ಹುಡುಗರ ನಡುವೆ ಕುಳಿತು ಆರು ತಿಂಗಳು ಕಂಪ್ಯೂಟರ್ ರಿಪೇರಿ ಕಲಿತರು. ಪಾಠವನ್ನೆಲ್ಲ ಉರ್ದುವಿನಲ್ಲಿ ಬರೆದುಕೊಂಡ ದಪ್ಪ ನೋಟುಬುಕ್ಕು ಅವರ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಮಾಣಿಕನಗರದ ದಾರಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಧನರಾಜ ಅವರನ್ನು ಒಂದು ತಿಂಗಳ ಮಟ್ಟಿಗೆ ಇಟ್ಟುಕೊಂಡ. ತಿಂಗಳು ಮುಗಿಯುತ್ತ ಬಂದರೂ ಅವರಿಗೆ ಒಂದು ಮಷೀನನ್ನೂ ಒಪ್ಪಿಸಿರಲಿಲ್ಲ.

ಇಲ್ಲಿ ಕೆಲಸ ಆಗದಿದ್ದರೆ ಜಹೀರಾಬಾದಿನಲ್ಲಿ ಸಾಬರ ಷಡ್ಡಕನ ಕಟ್ಟಿಗೆ ಅಡ್ಡೆಯಿತ್ತು. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕಾವಲು ಕೂತರೆ ಸಾಕು ಎಂದು ಅವನು ಹೇಳಿ ಕಳಿಸಿದ್ದ. ಅದನ್ನು ಹೇಳುವಾಗ ಸಾಬರು ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದರು.

ಇದು ಎರಡು ಸಾವಿರದ ಏಳನೆಯ ಇಸವಿಯ ಮಾತು. ಆ ವರ್ಷ ನಮ್ಮ ಮನೆಗೆ ಟೆಲಿಫೋನ್ ವೈರಿನ ಜೊತೆ ಇಂಟರ್‌ನೆಟ್ ಬಂದಿತ್ತು. ನಮ್ಮ ಮನೆತನದಲ್ಲಿ ಅದೇ ಮೊದಲ ಕಂಪ್ಯೂಟರ್. ಟೆಲಿಫೋನಿನ ಪಕ್ಕದಲ್ಲಿ ರೂಟರ್ ಎಂಬ ಸಣ್ಣ ಡಬ್ಬಿ, ಅದರಿಂದ ಕಂಪ್ಯೂಟರಿಗೆ ಒಂದು ನೀಲಿ ವೈರು. ದಸರೆಗೆಂದು ಅವ್ವ ಸತ್ಯಮ್ಮ ಊರಿನಿಂದ ಬಂದಿದ್ದಳು. ಹಬ್ಬ ಮುಗಿದು ಎರಡು ದಿನಕ್ಕೆ ನಾನು ಕಂಪ್ಯೂಟರ್ ಹಚ್ಚಿದರೆ ಇಂಟರ್‌ನೆಟ್ ಇಲ್ಲ. ಮೂಲೆಯಲ್ಲಿ ಒಂದು ಕೆಂಪು ಗುಣಾಕಾರ ಚಿಹ್ನೆ, ವೈರು ಹಚ್ಚಿಲ್ಲ ಎಂಬ ಸೂಚನೆ. ವೈರು ಹಚ್ಚೇ ಇತ್ತು.

ಧನರಾಜ ಬಂದ. ಜೊತೆಗೆ ಸಾಬರೂ ಬಂದರು. ರೂಟರಿನ ಉಳಿದ ಲೈಟುಗಳೆಲ್ಲ ಸರಿಯಾಗಿದ್ದವು, ಕಂಪ್ಯೂಟರಿನ ಕಡೆಯ ಲೈಟು ಮಾತ್ರ ಆರಿತ್ತು. ಧನರಾಜ ಹೊಸ ವೈರು ಹಾಕಿದ, ರೂಟರಿನ ಬೇರೆ ತೂತಿಗೆ ಚುಚ್ಚಿದ, ಸಿಡಿ ಹಾಕಿ ಏನೇನೋ ಮತ್ತೆ ತುಂಬಿದ. ಲೈಟು ಬರಲಿಲ್ಲ.

“ಯಾರರ ಇದನ್ನ ಮುಟ್ಟೀರೇನ್ರಿ?” ಎಂದು ಕೇಳಿದ.

“ನಾ ಮುಟ್ಟಿಲ್ಲ” ಎಂದೆ. “ಇಲ್ಲೋ ಯಪ್ಪಾ, ನಮಗ್ಯಾಕ ಬೇಕು ಅದರ ಉಸಾಬರಿ” ಎಂದಳು ಅವ್ವ.

“ಹಂಗಾರ ಸಿಡ್ಲಿಗೆ ಬೋರ್ಡ್ ಸುಟ್ಟಾದ ಮಾಸ್ತರ್. ಮೊನ್ನಿ ಮಳ್ಯಾಗ ನಾಕು ಮನ್ಯಾವ ಹೋಗ್ಯಾವ. ಹೈದರಾಬಾದಿಂದ ತರಸ್ಬೇಕು, ಹದಿನೈದು ದಿನ.”

ಸಾಬರು ಮೆಲ್ಲಗೆ ಕೆಮ್ಮಿದರು. “ಧನರಾಜ, ನಾಳಿ ಒಂದಿನ ನನಗ ಬಿಡು ಬೇಟಾ.”

“ಚಾಚಾ, ಇದು ರೇಡಿಯೊ ಅಲ್ಲ, ಮ್ಯಾಲ ಬಡದ್ರ ಹಾಡ್ಲಿಕ್ಕೆ.” ಧನರಾಜ ನಕ್ಕ. ಅವನ ನಾಲಿಗೆಗೆ ಯಾರೂ ಹೊರತಲ್ಲ. ಗಿರಾಕಿಗಳ ಪೆದ್ದುತನದ ಕತೆಗಳನ್ನು ಇಡೀ ಬಜಾರಕ್ಕೆ ಹಂಚುವವನು. ಆಮೇಲೆ ಏನನ್ನಿಸಿತೋ, “ಆಯ್ತು. ಇದನ್ನ ಚಾಲೂ ಮಾಡಿದ್ರ ಮನಿಮನಿಗಿ ಹೋಗೂ ಕೆಲಸ ನಿಮ್ದ. ಆಗ್ಲಿಲ್ಲಂದ್ರ ಜಹೀರಾಬಾದಿಗಿ ನಾನ ಬಸ್ ಹತ್ತಿಸ್ತೀನಿ” ಎಂದ.

ಮರುದಿನ ಮಧ್ಯಾಹ್ನ ಸಾಬರು ಒಬ್ಬರೇ ಬಂದರು. ಅವ್ವ ಚಹಾ ಕೊಟ್ಟಳು. ಅವರು ಬಶಿಗೆ ಸುರಿದುಕೊಂಡು ಆರಿಸುತ್ತ ಕೂತರು. ಕಂಪ್ಯೂಟರಿನ ಕಡೆ ನೋಡಲೂ ಇಲ್ಲ.

“ಅವ್ವಾರ, ಹಬ್ಬ ಹ್ಯಾಂಗಾತ್ರಿ?”

“ಚಲೋ ಆತ್ರಿ ಸಾಬ್ರ. ಖಂಡೆ ಪೂಜಿ ಮಾಡಿದ್ವಿ, ಹೋಳಿಗಿ ಮಾಡಿದ್ವಿ.”

“ಪೂಜಿಗಿ ಏನೇನ ಇಟ್ಟಿದ್ರಿ?”

“ಊರಾಗಾದ್ರ ಕೂರಿಗಿ, ಕುಡಗೋಲು ಇಡ್ತಿದ್ವಿ. ಇಲ್ಲೇನದ? ಈಳಗಿ, ಇವನ ಸೈಕಲ್ ಮೋಟಾರು, ಮತ್ತ ಇದು.” ಅವ್ವ ಕಂಪ್ಯೂಟರಿನ ಕಡೆ ಕೈ ತೋರಿಸಿದಳು.

ಪೂಜೆಯ ಹೊತ್ತಿನಲ್ಲಿ ಮನೆಯಲ್ಲಿರದ ನಾನು ತಟ್ಟನೆ ತಲೆಯೆತ್ತಿದೆ. “ಅವ್ವಾ, ನಿನ್ನಿ ಮುಟ್ಟಿಲ್ಲ ಅಂದಿ!”

“ಪೂಜಿ ಮಾಡಿದ್ರ ಮುಟ್ಟಿದಂಗೇನೋ?”

ಸಾಬರು ನಗಲಿಲ್ಲ. “ವಿಭೂತಿ ಎಲ್ಲಿ ಹಚ್ಚಿದ್ರಿ?”

“ಹಣಿಗೆ. ಮೊದಲ ನನಗೂ ತಿಳೀಲಿಲ್ಲ ಇದಕ್ಕ ಹಣಿ ಯಾವ ಕಡೆ ಅಂತ. ಎತ್ತಿಗಿ ಹಗ್ಗ ಎಲ್ಲಿ ಕೂಡ್ತಾವೋ ಅದ ಮುಖ. ಇದಕ್ಕ ವೈರೆಲ್ಲಾ ಹಿಂದ ಕೂಡ್ಯಾವ. ಹೊರಳಿಸಿ, ನೀಲಿ ವೈರು ಬಿಚ್ಚಿ, ನೀರಾಗ ಕಲಸಿ ಮೂರು ಬಟ್ಟು ದಪ್ಪಗ ಎಳದೆ. ಮತ್ತ ವೈರು ಅಲ್ಲೇ ಹಚ್ಚೀನ್ರಿ. ಮರುದಿನ ಒದ್ದಿ ಅರಿವಿಲೆ ಒರಸೀನಿ.”

ಸಾಬರು ಬಶಿ ಕೆಳಗಿಟ್ಟು ಎದ್ದರು. ಕರೆಂಟು ತೆಗೆಸಿ, ಸಿಪಿಯು ಡಬ್ಬಿಯನ್ನು ಹೊರಳಿಸಿ, ಬ್ಯಾಟರಿ ಬೆಳಕು ಬಿಟ್ಟು ನನ್ನನ್ನು ಕರೆದು ತೋರಿಸಿದರು. ಹೊರಗೆಲ್ಲ ಸ್ವಚ್ಛ. ನೀಲಿ ವೈರು ಕೂರುವ ತೂತಿನೊಳಗೆ, ಸಾಲಾಗಿದ್ದ ಕೂದಲೆಳೆಯಂಥ ತಂತಿಗಳ ಮೇಲೆ ವಿಭೂತಿ ಗಾರೆಯಂತೆ ಗಟ್ಟಿಯಾಗಿತ್ತು. ಧನರಾಜ ಹಾಕಿದ ಹೊಸ ವೈರೂ ಆ ಗಾರೆಗೇ ತಾಗಿ ನಿಂತಿತ್ತು.

“ಅವ್ವಾರ, ಇದನ್ನ ನಾ ತೆಗೀಲೇನ್ರಿ?” ಎಂದು ಸಾಬರು ಕೇಳಿದರು.

“ತೆಗೀರಿ. ಪೂಜಿ ಮುಗದಾದ.”

ಸ್ಪಿರಿಟಿನಲ್ಲಿ ಅದ್ದಿದ ಹಲ್ಲಿನ ಬ್ರಶ್ಶಿನಿಂದ ಅರ್ಧ ತಾಸು ಮೆಲ್ಲಗೆ ತಿಕ್ಕಿದರು. ಉದುರಿದ್ದನ್ನು ಬಾಯಿಂದ ಊದಲಿಲ್ಲ. ಕಾಗದದ ಮೇಲೆ ಕೂಡಿಸಿ ಅವ್ವನ ಕೈಗೆ ಕೊಟ್ಟರು. ಅವಳು ಅದನ್ನು ದಾಸವಾಳದ ಬುಡಕ್ಕೆ ಹಾಕಿ ಬಂದಳು. ತೂತು ಚೆನ್ನಾಗಿ ಆರುವವರೆಗೂ ಕಾದು ವೈರು ಚುಚ್ಚಿದರು. ರೂಟರಿನಲ್ಲಿ ಆರಿದ್ದ ಲೈಟು ಹಸಿರಾಗಿ ಮಿಟುಕಿತು. ಮೂಲೆಯ ಕೆಂಪು ಚಿಹ್ನೆ ಹೋಯಿತು.

“ಮಾಸ್ತರ್, ಧನರಾಜಗ ವೈರು ಸಡ್ಲ ಇತ್ತಂತ ಹೇಳ್ತೀನಿ. ಅವ್ವಾರ ಮಾತು ಬಜಾರದಾಗ ಬ್ಯಾಡ” ಎಂದು ನನ್ನ ಕಿವಿಯಲ್ಲಿ ಹೇಳಿದರು.

ಸಂಜೆ ಧನರಾಜ ಬಂದು ನೋಡಿದ. ಕುರ್ಚಿಯಲ್ಲಿ ಕೂತು ಎರಡು ಸಲ ಹಚ್ಚಿ ಆರಿಸಿ ಪರೀಕ್ಷೆ ಮಾಡಿದ.

“ಏನಾಗಿತ್ತು ಚಾಚಾ?”

“ವೈರು ಸಡ್ಲ ಇತ್ತು.”

“ವೈರು ನಾನ ಹೊಸಾದ ಹಾಕೀನಿ. ಸಡ್ಲ ಹ್ಯಾಂಗಿರ್ತದ?” ಧನರಾಜ ತಲೆ ಅಲ್ಲಾಡಿಸಿದ. “ನಿಮಗೂ ಗೊತ್ತಿಲ್ಲ ಏನಾಗಿತ್ತಂತ. ನಸೀಬದಿಂದ ಆಗ್ಯಾದ. ನಸೀಬಕ್ಕ ನಾ ಕೆಲಸಾ ಹ್ಯಾಂಗ ಕೊಡ್ಲಿ ಹೇಳ್ರಿ?”

ಸಾಬರು ಬ್ರಶ್ಶನ್ನು ಚೀಲಕ್ಕೆ ಹಾಕಿ ಗುಂಡಿ ಹಾಕಿದರು. ನಿಜ ಹೇಳಲು ಒಂದು ಹೆಜ್ಜೆ ಮುಂದಿಟ್ಟು ನಾನು ನಿಂತೆ. ಆ ಕಡೆ ಅವ್ವ, ಈ ಕಡೆ ಸಾಬರು.

ಅಡಿಗೆ ಮನೆಯ ಬಾಗಿಲಲ್ಲಿ ಅವ್ವ ಸೆರಗು ಸರಿಮಾಡಿಕೊಂಡು ನಿಂತಿದ್ದಳು.

“ವಿಭೂತಿ ಹಚ್ಚಿದಾಕಿ ನಾನಪಾ, ಧನರಾಜ. ಅದು ತೂತಿನ್ಯಾಗ ಒಣಗಿ ಕೂತಿತ್ತು. ನೀ ವೈರು ಬದಲಿ ಮಾಡಿದಿ, ತೂತಿನ್ಯಾಗ ಹಣಿಕಿ ಹಾಕಲಿಲ್ಲ. ಸಾಬ್ರು ಹಣಿಕಿ ಹಾಕಿ, ತಿಕ್ಕಿ ತಗದ್ರು. ನನ್ನ ಮಾನ ಕಾಯ್ಲಿಕ್ಕ ಸುಳ್ಳ ಹೇಳಾಕತ್ತಾರ. ಬಜಾರದಾಗ ನಗೂದಿದ್ರ ಹೋಗಿ ನಗು. ಮೊದಲ ಆ ಕೆಲಸಾ ಅವರಿಗಿ ಕೊಟ್ಟು ಹೋಗು.”

ಧನರಾಜನಿಗೆ ನಗು ಬರಲಿಲ್ಲ. ಎದ್ದು ಬಂದು ಸಿಪಿಯು ಡಬ್ಬಿಯ ಹಿಂಭಾಗವನ್ನು ಸ್ವಲ್ಪ ಹೊತ್ತು ನೋಡಿದ.

“ರಾಜೇಶ್ವರದಾಗ ಒಂದು ಮನಿ ಅದ ಚಾಚಾ” ಎಂದ ಕೊನೆಗೆ. “ಎರಡ ಸಲ ಹೋಗಿ ಬಂದೀನಿ, ತಿಳೀವಲ್ದು. ನಾಳಿ ನೀವು ಹೋಗ್ರಿ.”

“ಎಷ್ಟು ದಿನಾ ಆತು ಕೆಟ್ಟು?”

“ಎಂಟು ದಿನ.”

ಸಾಬರು ನೋಟುಬುಕ್ಕು ತೆಗೆದು ಬರೆದುಕೊಂಡರು.

ಈಗ ಮನೆಗಳಲ್ಲಿ ನೀಲಿ ವೈರುಗಳೇ ಇಲ್ಲ. ಕೆಟ್ಟರೆ ಫೋನಿನಲ್ಲಿ ಯಾರೋ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುತ್ತಾರೆ. ಚಹಾ ಆರಿಸುತ್ತ ಕೂತು ಹಬ್ಬ ಹೇಗಾಯಿತು ಎನ್ನುವವರಿಲ್ಲ. ನನಗೆ ನೆನಪಾಗುವುದು ಆ ಮರುದಿನದ ಬೆಳಿಗ್ಗೆ. ಶಾಲೆಗೆ ಹೋಗುತ್ತಿದ್ದಾಗ ಸಾಬರು ಬಸ್‌ಸ್ಟ್ಯಾಂಡಿನಲ್ಲಿ ಕಂಡರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಲ್ಲಿ ಚೀಲ. ನಾನು ಕೈ ಎತ್ತಿದೆ. ಅವರು ನೋಡಲಿಲ್ಲ. ರಾಜೇಶ್ವರದ ಕಡೆಯ ಬಸ್ಸು ಬಂದಿತ್ತು, ಜಾಗ ಹಿಡಿಯುವ ಅವಸರದಲ್ಲಿದ್ದರು.