ಜಗಳೂರು ಬಸಣ್ಣನ ಜಗಳದ ಫೋಟೊಗಳು

ಫೋಟೊ ತೆಗೆಯುವ ಮೊದಲು ಬಸಣ್ಣನಿಗೆ ಒಂದು ಜಗಳ ಆಗಲೇಬೇಕಿತ್ತು. ಅವನ ಊರು ಜಗಳೂರು. ಊರಿಗೆ ತಕ್ಕ ಮನುಷ್ಯ ಅಂತ ನಾವು ನಗುತ್ತಿದ್ದೆವು. ಮುಂಬಯಿಯ ನಮ್ಮ ಚಾಳಿನ ಸಾಲುಕೋಣೆಗಳ ತುಂಬ ಹೊನ್ನಾಳಿ, ಚನ್ನಗಿರಿ, ನ್ಯಾಮತಿ ಕಡೆಯಿಂದ ದುಡಿಯಲು ಹೋದವರೇ. ನನ್ನ ಯಜಮಾನರು ಬಟ್ಟೆ ಗಿರಣಿಯಲ್ಲಿದ್ದರು. ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಲಿ, ಸೀಮಂತ ಆಗಲಿ, ಕ್ಯಾಮೆರಾ ಹೆಗಲಿಗೇರಿಸಿ ಬಸಣ್ಣ ಹಾಜರು. ನಾವೋ, ಕ್ಯಾಮೆರಾ ಕಂಡರೆ ಉಸಿರು ಬಿಗಿಹಿಡಿಯುವ ಜನ.

"ಏನ್ರವ್ವಾ, ಹೆಣ ಕೂರಿಸಿದಂಗೆ ಕೂತೀರಿ?" ಎನ್ನುತ್ತಿದ್ದ. ಆಮೇಲೆ ಮೆಲ್ಲಗೆ, "ಅಲ್ಲಾ, ಹೊನ್ನಾಳಿಯೋರಿಗೆ ಸಾರಿಗೆ ಉಪ್ಪು ಹಾಕಾಕೆ ಬರಲ್ಲಂತೆ. ಚನ್ನಗಿರಿಯೋರು ಹೇಳ್ತಿದ್ರು."

"ಯಾರೋ ಹಂಗಂದೋರು?" ಎಂದು ಇಡೀ ಸಾಲು ತಿರುಗಿ ಬೀಳುವಷ್ಟರಲ್ಲಿ ಕ್ಯಾಮೆರಾ ಕ್ಲಿಕ್ ಎಂದಿರುತ್ತಿತ್ತು.

ಎಲ್ಲರಿಗಿಂತ ಸುಲಭವಾಗಿ ಅವನ ಬಲೆಗೆ ಬೀಳುತ್ತಿದ್ದವಳು ನಾನು. ನನಗೆ ನನ್ನ ರೊಟ್ಟಿಯ ಮೇಲೆ ಭಾರಿ ಜಂಬ. "ನ್ಯಾಮತಿ ಅಕ್ಕನ ರೊಟ್ಟಿ ಒಂದಿದ್ರೆ ಚಪ್ಪಲಿಗೆ ಅಟ್ಟೆ ಹಾಕಿಸ್ಕೋಬಹುದು" ಎಂದರೆ ಸಾಕು, ಬೆರಳೆತ್ತಿಕೊಂಡು ಅವನ ಮೇಲೆ ಏರಿಹೋಗುತ್ತಿದ್ದೆ. ಬೇಕೆಂದೇ ಕೆಣಕುತ್ತಾನೆ ಎಂದು ಗೊತ್ತಿದ್ದೂ ಪ್ರತಿಸಲ ಹೋಗುತ್ತಿದ್ದೆ. ಬುದ್ಧಿ ಅನ್ನುವುದು ಇದ್ದರೆ ತಾನೆ!

ಗಿರಣಿ ಮುಚ್ಚಿ ಎಲ್ಲರೂ ಊರು ಸೇರಿ ಎಷ್ಟೋ ಕಾಲವಾದ ಮೇಲೆ ಬಸಣ್ಣ ಬಸ್ಸಿಳಿದು ನಮ್ಮ ನ್ಯಾಮತಿ ಮನೆಗೆ ಬಂದ. ಕೈಯಲ್ಲಿ ನೆಗೆಟಿವ್ ತುಂಬಿದ ಬಿಸ್ಕತ್ತಿನ ಡಬ್ಬಿಗಳು.

"ಅಕ್ಕಾ, ನನ್ನ ಕಣ್ಣು ಹೋಗೈತೆ. ನಾನೂ ಹೋದ್ರೆ ಇವನ್ನ ಗುಜರಿಗೆ ಹಾಕ್ತಾರೆ. ಇವರೆಲ್ಲಾ ಯಾರು ಅಂತ ಹುಡುಕಿ ಅವರವರ ಮನೆಗೆ ಮುಟ್ಟಿಸು."

"ನಾನು ಓದಿದೋಳಲ್ಲಪ್ಪಾ."

"ಜಗಳ ಆಡಾಕೆ ಬರ್ತೈತಲ್ಲ, ಸಾಕು."

ಮುಟ್ಟಿಸ್ತೀನಿ ಎಂದು ಮಾತು ಕೊಟ್ಟೆ. ಅವತ್ತು ರೊಟ್ಟಿ ತಿಂದು "ಮೆತ್ತಗೈತೆ" ಎಂದ. ಸಾರಿನಲ್ಲಿ ನೆನೆಸಿಟ್ಟಿದ್ದ ಅನ್ನುವುದು ಬೇರೆ ಮಾತು. ಅದೇ ಕೊನೆಯ ಭೇಟಿ.

ಅವನು ತೀರಿಕೊಂಡ ಮೇಲೆ ನನ್ನ ಮೊಮ್ಮಗಳು ಮೇಘನಾ ಡಬ್ಬಿ ಬಿಚ್ಚಿ, ಒಂದೊಂದನ್ನೇ ಒರೆಸಿ ಕಂಪ್ಯೂಟರಿಗೆ ಹಾಕಿದಳು. ನನ್ನ ಬಂಗಾರ! ಹೆಸರು ಹೇಳುವ ಕೆಲಸ ನನ್ನದು. ಒಂದು ನೆಗೆಟಿವನ್ನು ಕಿಟಕಿಗೆ ಹಿಡಿದು, "ಈ ಬಿಳಿತಲೆ ಮುದುಕಿ ಯಾರೋ ಗೊತ್ತಿಲ್ಲವ್ವಾ. ಬಲೇ ಬಜಾರಿ ಇದ್ದಂಗೈತೆ" ಎಂದೆ.

"ಅಜ್ಜೀ, ನೆಗೆಟಿವ್‌ನಾಗೆ ಕಪ್ಪು ಕೂದಲು ಬೆಳ್ಳಗೆ ಕಾಣ್ತೈತೆ. ಅದು ನೀನೇ!"

ನನ್ನ ಗುರುತೇ ಸಿಗದ ಮೇಲೆ ಉಳಿದವರದು ಎಲ್ಲಿ ಸಿಗಬೇಕು? ಅರ್ಧಕ್ಕರ್ಧ ಮುಖಗಳಿಗೆ ಹೆಸರೇ ಹೊಳೆಯಲಿಲ್ಲ. ಬಸಣ್ಣನಿಗೆ ಕೊಟ್ಟ ಮಾತು ತಪ್ಪಿತಲ್ಲ ಎಂದು ಕಣ್ಣೀರು ಹಾಕಿದೆ. ಮೇಘನಾ ಫೋಟೊಗಳನ್ನು ದೊಡ್ಡದು ಮಾಡಿಸಿ ನ್ಯಾಮತಿಯ ಸಮುದಾಯ ಭವನದಲ್ಲಿ ತೂಗುಹಾಕಿ, ಊರೂರಿಗೆ ಫೋನು ಮಾಡಿದಳು.

ಜನ ಬಸ್ಸಿನಲ್ಲಿ, ಬೈಕಿನಲ್ಲಿ ಬಂದರು. ಬಂದವರು ಕೈಕಟ್ಟಿ, ಸಾವಿನ ಮನೆಗೆ ಬಂದವರಂತೆ ಪಿಟ್ಟೆನ್ನದೆ ನಿಂತರು. ಬಾಯಿ ಬಿಟ್ಟು ಯಾರೂ ಒಂದು ಹೆಸರು ಹೇಳಲೊಲ್ಲರು. ನನಗೆ ತಡೆಯಲಾಗಲಿಲ್ಲ. ಹೆಸರು ಹೊಳೆಯದ ಒಂದು ಫೋಟೊದ ಮುಂದೆ ಹೋಗಿ ಗಟ್ಟಿಯಾಗಿ ಅಂದೆ: "ಇವರು ಹೊನ್ನಾಳಿಯೋರೇ ಇರಬೇಕು. ಸಾರಿಗೆ ಉಪ್ಪು ಹಾಕಾಕೆ ಬರದೋರು!"

"ಏನಜ್ಜೀ, ನಾಲಿಗೆ ಬಿಗಿಹಿಡಿ! ಅದು ನಮ್ಮವ್ವ, ಗಂಗಮ್ಮ!"

"ಪಕ್ಕದಾಗಿರೋಳು ನಮ್ಮತ್ತೆ ಕಣ್ರೀ!"

"ಅತ್ತೆಯಲ್ಲ ಮಾರಾಯ, ನಮ್ಮ ದೊಡ್ಡಮ್ಮ!"

ಇಡೀ ಭವನದಲ್ಲಿ ಜಗಳ ಹೊತ್ತಿಕೊಂಡಿತು. ಹೆಸರುಗಳು ದಬದಬನೆ ಉದುರಿದವು. ಮೇಘನಾ ಗಾಬರಿಯಾಗಿ ಓಡಿಬಂದಳು. "ಅಜ್ಜೀ, ಜಗಳ ಬಿಡಿಸೇ!"

"ಬಿಡಿಸ್ತಾರೇನೇ ಹುಚ್ಚಿ? ಫೋಟೊ ತೆಗಿ!"