ಗೋಪಮ್ಮನ ಅಳು ಬೇಡವೆಂದವರು

ಮಾನ್ವಿಯ ನಮ್ಮ ಕೇರಿಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಫೋನ್ ಹೋಗುವುದು ಗೋಪಮ್ಮನಿಗೆ, ಆಮೇಲೆ ಪಾಸ್ಟರಿಗೆ. ಆಕೆ ಬಂದು ಹೆಣದ ತಲೆಯ ಬಳಿ ಕೂತು, ಸತ್ತವರ ಹೆಸರು ಹಿಡಿದು ಹಾಡಿ ಅಳಲು ಶುರು ಮಾಡಿದಳೆಂದರೆ, ಆಸ್ತಿಯ ಜಗಳದಲ್ಲಿ ಮುಖ ತಿರುಗಿಸಿ ನಿಂತ ಅಣ್ಣತಮ್ಮಂದಿರೂ ಒಂದೇ ಗೋಡೆಗೆ ತಲೆಯಿಟ್ಟು ಅಳುತ್ತಾರೆ. ಇಂಥ ಹೆಣ್ಣುಮಗಳಿಗೆ ಚರ್ಚಿನಲ್ಲಿ ಅಳಬೇಡ ಅಂದರು. ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಗೋಪಮ್ಮ ಹುಟ್ಟಿದ್ದು ದೇವದುರ್ಗ ತಾಲೂಕಿನಲ್ಲಿ, ಗೂಗಲ್ ಎಂಬ ಊರಿನ ಹತ್ತಿರದ ಒಂದು ಹಳ್ಳಿಯಲ್ಲಿ. ಮದುವೆಯಾಗಿ ಮಾನ್ವಿಗೆ ಬಂದವಳು ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚುತ್ತ ಸೊಂಟ ಸವೆಸಿದಳು. ಗಂಡ ತಾಯಣ್ಣ ಬೇಗ ಹೋದ. ಹಾಡಿ ಅಳುವುದನ್ನು ಕಲಿಸಿದ್ದು ಅತ್ತೆ ಪಕೀರಮ್ಮ. ಆ ಅಳುವಿಗೆ ಕಟ್ಟಳೆ ಉಂಟು. ಹೆಸರು ಹಿಡಿಯದೆ ಅಳುವಂತಿಲ್ಲ. ಬದುಕಿರುವವರ ಹೆಸರನ್ನಂತೂ ಹಿಡಿಯಲೇಬಾರದು, ಅದು ಅಪಶಕುನ. ನಮ್ಮವರು ಕ್ರೈಸ್ತರಾಗಿ ಮೂರು ತಲೆಮಾರಾಯಿತು, ಈ ಒಂದು ಹೆದರಿಕೆ ಮಾತ್ರ ನಮ್ಮನ್ನು ಬಿಟ್ಟಿಲ್ಲ.

ಪ್ರತಿ ವರ್ಷ ಕ್ರಿಸ್ಮಸ್ಸಿಗೆ ಮುಂಚಿನ ಭಾನುವಾರ ಸಂಜೆ ಚರ್ಚಿನ ಅಂಗಳದಲ್ಲಿ ಯೇಸು ಹುಟ್ಟಿದ ನಾಟಕ ಆಡುತ್ತೇವೆ. ಹಾರ್ಮೋನಿಯಂ ನನ್ನದು. ಹೆರೋದ ಅರಸ ತನ್ನ ಗದ್ದುಗೆಗೆ ಹೆದರಿ ಬೆತ್ಲೆಹೇಮಿನ ಎರಡು ವರ್ಷದೊಳಗಿನ ಗಂಡುಕೂಸುಗಳನ್ನೆಲ್ಲ ಕೊಲ್ಲಿಸುತ್ತಾನಲ್ಲ, ಆಗ ಮಕ್ಕಳನ್ನು ಕಳೆದುಕೊಂಡ ತಾಯಿ ರಾಹೇಲಳಾಗಿ ಬಂದು ಅಳುವವಳು ಗೋಪಮ್ಮ. ಆ ಕೂಸುಗಳ ಹೆಸರು ಸುವಾರ್ತೆಯಲ್ಲಿ ಇಲ್ಲ. ಅದಕ್ಕೆ ಆಕೆ ತನ್ನ ಚೊಚ್ಚಲ ಮಗ ಹನುಮೇಶನ ಹೆಸರು ಹಿಡಿದು ಅಳುತ್ತಿದ್ದಳು. ಎರಡು ತುಂಬುವ ಮೊದಲೇ ಜ್ವರಕ್ಕೆ ಹೋದ ಕೂಸು ಅದು. ನಾಟಕ ಅನ್ನುವುದು ಅಲ್ಲಿಗೆ ಮುಗಿಯುತ್ತಿತ್ತು. ಅಂಗಳದಲ್ಲಿ ಕೂತವರಿಗೆಲ್ಲ ತಮ್ಮ ತಮ್ಮ ಮನೆಯ ಸಾವು ನೆನಪಾಗುತ್ತಿತ್ತು.

ಈಗ ಸಭಾಹಿರಿಯ ಸುಂಕಪ್ಪನ ವಿಷಯಕ್ಕೆ ಬರುತ್ತೇನೆ. ನೀರಾವರಿ ಇಲಾಖೆಯಿಂದ ನಿವೃತ್ತನಾದ ದೊಡ್ಡ ಮನುಷ್ಯ. ಪವಿತ್ರ ನಾಡಿನ ಯಾತ್ರೆ ಮಾಡಿ ಯೋರ್ದಾನ್ ಹೊಳೆಯ ನೀರಿನ ಬಾಟಲಿ ತಂದ, ಜೊತೆಗೆ ಇಸ್ರೇಲಿನ ಬಾವುಟವನ್ನೂ ತಂದ. ಗಾಜಾದ ಯುದ್ಧ ಶುರುವಾದದ್ದೇ ತಡ, ಆ ಬಾವುಟವನ್ನು ಬಲಿಪೀಠದ ಪಕ್ಕ ನಿಲ್ಲಿಸಿದ. ಕತ್ತಿಯನ್ನು ಒರೆಯಲ್ಲಿ ಹಾಕು ಎಂದು ಶಿಷ್ಯನಿಗೆ ಗದರಿದ ಸ್ವಾಮಿಯ ಮುಂದೆ, ದಂಡು ಕಟ್ಟಿಕೊಂಡ ಒಂದು ಸರಕಾರದ ಬಾವುಟ! ಯಾವ ದೇಶದ್ದಾದರೂ ನನಗೆ ಸಿಟ್ಟೇ ಬರುತ್ತಿತ್ತು. ಪಾಸ್ಟರ್ ಕನ್ನಡಕ ಒರೆಸಿಕೊಂಡರು, ಅಷ್ಟೆ.

ಗೋಪಮ್ಮನಿಗೆ ಬಾವುಟದ ಗೊಡವೆ ಇರಲಿಲ್ಲ. ಗೋಡೆಯಾಚೆಯ ಅನ್ವರಿ ಬೇಗಂ ಒಂದು ಮಧ್ಯಾಹ್ನ ಫೋನಿನಲ್ಲಿ ಗಾಜಾದ ವಿಡಿಯೋ ತೋರಿಸಿದಳು. ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಪುಟ್ಟ ಗಂಟನ್ನು ತಂದೆ ಎದೆಗವಚಿಕೊಂಡು ನಡೆಯುತ್ತಿದ್ದ. ಆಗ ನಾನು ಅಲ್ಲೇ ಇದ್ದೆ.

"ಈ ಕೂಸಿನ ಹೆಸರೇನು ಬೇ?" ಎಂದಳು ಗೋಪಮ್ಮ.

"ಕ್ಯಾ ಮಾಲೂಮ್ ಗೋಪಮ್ಮಾ. ದಿನಾ ಇಂಥವು ಬರ್ತಾವ. ಹೆಸರು ಹಾಕಂಗಿಲ್ಲ."

"ಹೆಸರಿಲ್ದ ಹ್ಯಾಂಗ ಅಳೋದವ್ವಾ?"

ಗೋಪಮ್ಮ ಅವತ್ತು ಊಟ ಮಾಡಲಿಲ್ಲ. ಮುಂದಿನ ವಾರ ಸ್ತ್ರೀಯರ ಪ್ರಾರ್ಥನೆಯಲ್ಲಿ, "ಈ ಸಲ ರಾಹೇಲಳಾಗಿ ನಾ ಆ ಕೂಸುಗಳಿಗೆ ಅಳ್ತೀನಿ" ಎಂದುಬಿಟ್ಟಳು. ಮಾತು ಸುಂಕಪ್ಪನ ಕಿವಿ ಮುಟ್ಟಲು ಎಷ್ಟು ಹೊತ್ತು ಬೇಕು?

ನಾಟಕದ ತಾಲೀಮಿಗೆ ಆತ ಬಂದ. "ಈ ಸಲ ರಾಹೇಲಳ ಸೀನ್ ಬ್ಯಾಡ. ಹಬ್ಬದಾಗ ಅಳು ಯಾಕ? ಆ ಜಾಗಾಕ್ಕ ದೇವದೂತರ ಡ್ಯಾನ್ಸ್ ಇಡೋಣು" ಎಂದ.

"ಅಳು ಸುವಾರ್ತಿಯೊಳಗ ಅದಲ್ರಿ ಅಯ್ಯಾ" ಎಂದಳು ಗೋಪಮ್ಮ.

"ದೇವರು ಮೊದಲ ನುಡಿದ ಪ್ರವಾದನೆ ನೆರವೇರಾಕತ್ತದ, ನಿನಗ ತಿಳಿಯಂಗಿಲ್ಲ. ಅದು ದೇವರ ಜನರ ಯುದ್ಧ. ವೈರಿಗಳ ಮಕ್ಕಳಿಗೆ ಅತ್ತರ ದೇವರ ವಿರುದ್ಧ ಅತ್ತಂಗ."

"ಮೊದಲ ಸಲ ಇಸ್ರೇಲಿನೋರ ಮನಿಗೆ ನುಗ್ಗಿ ಮಕ್ಕಳು ಮರಿ ಅನ್ನದ ಕೊಂದಾಗ ನಾ ಪ್ರಾರ್ಥನ್ಯಾಗ ಅತ್ತೆ. ನೀವ ನನ್ನ ಬಾಯಿಗೆ ಮೈಕ್ ಹಿಡಿದ್ರಿ. ಆ ಕೂಸು ಕೂಸು, ಈ ಕೂಸು ಕೂಸಲ್ಲೇನ್ರಿ?"

ಸುಂಕಪ್ಪ ಎದ್ದು ಹೋದ. ಸೀನ್ ಹೋಯಿತು. ವೈರಿಯನ್ನು ಪ್ರೀತಿಸು ಎಂದು ಚರ್ಚಿನ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದವನೂ ಅವನೇ, ತನ್ನ ತಾಯಿಯ ಸ್ಮರಣಾರ್ಥ! ಹೆರೋದನಿಗೂ ಇಂಥ ಹಿರಿಯರು ಇದ್ದಿರಬೇಕು. ರಾಜ್ಯದ ಕ್ಷೇಮಕ್ಕಾಗಿ ಇಷ್ಟು ಕೂಸು ಹೋದರೆ ಹೋಗಲಿ ಬಿಡಿ ಎಂದು ಹೇಳಿಕೊಡಲು ಯಾರಾದರೂ ಬೇಕಲ್ಲ.

ಭಾನುವಾರ ಬಂತು. ಅಂಗಳದಲ್ಲಿ ಜಮಖಾನೆ, ಮುಂದಿನ ಸಾಲಿನಲ್ಲಿ ಹಿರಿಯರಿಗೆ ಕುರ್ಚಿ. ಸುಂಕಪ್ಪನ ತೊಡೆಯ ಮೇಲೆ ಕೆಂಪು ಟೋಪಿ ಹಾಕಿಕೊಂಡ ಮೊಮ್ಮಗ ಆಶೀರ್ವಾದ, ಎರಡು ವರ್ಷದ ಕೂಸು. ರಟ್ಟಿನ ಕಿರೀಟದ ಹೆರೋದ ಅಬ್ಬರಿಸಿದ, ಸೈನಿಕರು ಕತ್ತಿ ಎತ್ತಿ ಓಡಿದರು. ಇನ್ನು ದೂತರ ಕುಣಿತಕ್ಕೆ ನಾನು ಹಾಡೆತ್ತಬೇಕಿತ್ತು. ಕೈ ಅಭ್ಯಾಸದಂತೆ ರಾಹೇಲಳ ಅಳುವಿನ ಸ್ವರಕ್ಕೆ ಹೋಯಿತು. ಅಭ್ಯಾಸ ಅಂದೆನೇ? ಸುಳ್ಳು. ಬೇಕೆಂದೇ ಒತ್ತಿದೆ, ಒತ್ತಿ ಹಿಡಿದೆ.

ಹೆಂಗಸರ ನಡುವೆ ಕೂತಿದ್ದ ಗೋಪಮ್ಮ ಎದ್ದಳು. ವೇಷವಿರಲಿಲ್ಲ, ಮಾಸಿದ ನೀಲಿ ಸೀರೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹಾಡಿ ಅಳತೊಡಗಿದಳು.

"ಯಾವ ಗ್ವಾಡಿ ಬಿತ್ತೋ ನನ ಕಂದಾ, ನಿನ ಎಳೀ ಎದಿ ಮ್ಯಾಲ... ಬಟ್ಟಲದಾಗ ಹಾಲು ಹಂಗ ಅದ, ಯಾರು ಕುಡೀಬೇಕೋ ಮಗನ..."

ಹನುಮೇಶನ ಹೆಸರು ಬರುತ್ತದೆಂದು ನಾವೆಲ್ಲ ಕಾದಿದ್ದೆವು. ಆಕೆಯ ಕಣ್ಣು ಮುಂದಿನ ಸಾಲಿಗೆ ಹೋಯಿತು.

"ಆಶೀರ್ವಾದಾ... ಏಳೋ ನನ ಆಶೀರ್ವಾದಾ!"

ಸುಂಕಪ್ಪ ಕೂಸನ್ನು ಅವಚಿಕೊಂಡು ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. "ಬಾಯಿ ಮುಚ್ಚಲೇ! ಬದುಕಿದ ಕೂಸಿನ ಹೆಸರು ಹಿಡೀತಿ? ನಿನ್ನ ನಾಲಿಗಿ ಸೇದಿ ಹೋಗ್ಲಿ! ಏನು ಮಾಡ್ಯಾನ ನನ್ನ ಮೊಮ್ಮಗ ನಿನಗ?"

"ಏನೂ ಮಾಡಿಲ್ರಿ ಅಯ್ಯಾ" ಎಂದಳು ಗೋಪಮ್ಮ. ಕಣ್ಣೀರು ಸುರಿಯುತ್ತಲೇ ಇತ್ತು. "ನೂರು ವರ್ಷ ಬಾಳ್ಲಿ. ಆ ಕೂಸುಗಳೂ ಯಾರಿಗೂ ಏನೂ ಮಾಡಿರಲಿಲ್ಲ. ಅವರ ಹೆಸರು ಕೇಳಿದೆ, ಯಾರೂ ಹೇಳಲಿಲ್ಲ. ಹೆಸರಿಲ್ದ ಅತ್ತಿದ್ರ ನಿಮಗ ಕೇಳಸ್ತಿತ್ತೇನ್ರಿ?"

ಸುಂಕಪ್ಪ ಮೊಮ್ಮಗನನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಕೂಸೇ ಕೊಸರಾಡಿ, "ತಾತಾ, ಬಿಡು" ಎಂದಿತು.

ಮುಂದಿನ ವಾರ ಕಮಿಟಿ ಸೇರಿ ಗೋಪಮ್ಮನನ್ನು ಸ್ತ್ರೀ ಸಂಘದಿಂದ ತೆಗೆದರು. ಬಾವುಟ ಈಗಲೂ ಬಲಿಪೀಠದ ಪಕ್ಕವೇ ಇದೆ. ಎಲ್ಲರ ಮುಂದೆ ಒಂದು ಹೆಸರು ಕೂಗಿದ್ದು ಅಪರಾಧ, ಸಾವಿರಾರು ಹೆಸರು ಮಣ್ಣುಪಾಲಾದದ್ದು ಪ್ರವಾದನೆ. ಇದೇ ನಮ್ಮ ಭಕ್ತಿ!

ಮೊನ್ನೆ ಬೆಳಿಗ್ಗೆ ಆಕೆಯ ಮನೆಗೆ ಹೋದಾಗ ಗೋಪಮ್ಮ ಒಲೆಯ ಮುಂದೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಳು. ಒಲೆ ಹೊತ್ತಿಸಿರಲಿಲ್ಲ, ಉಪವಾಸ. ಚಿಕ್ಕಮ್ಮನೆಂದೇ ನಾನು ಕರೆಯುವ ಆಕೆಯನ್ನು, ಯಾತಕ್ಕೆ ಚಿಗವ್ವಾ ಎಂದು ಕೇಳಿದೆ.

"ಕಟ್ಟಳಿ ಮೀರೀನಲ್ಲಪಾ. ನನಗೂ ಅಂಜಿಕಿ ಅದ. ಆ ಕೂಸಿಗೆ ಏನೂ ಆಗಬಾರದು ಅಂತ ದಿನಾ ಅವನ ಹೆಸರು ಹೇಳಿ ಬೇಡ್ಕೊಳ್ಳಾಕತ್ತೀನಿ."

ಸುಂಕಪ್ಪನಿಗೆ ಇದು ಗೊತ್ತಿಲ್ಲ. ಗೊತ್ತಾಗಲಿ ಎಂದೇ ಇದನ್ನು ಬರೆದೆ.